ಜನ್ನಾಪುರದಲ್ಲಿ ಒಂದು ಗೆರೆ, ಶಿವಮೊಗ್ಗದಲ್ಲಿ ನೂರು

ಹಣ್ಣುನೊಣ ಅಂದ ಕೂಡಲೇ ಮುಖ ಕಿವುಚುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬಾಳೆಹಣ್ಣಿನ ಸಿಪ್ಪೆ ಮೇಲಿಂದ ಗುಂಪಾಗಿ ಏಳುತ್ತದಲ್ಲ, ಸಾಸಿವೆ ಕಾಳಿನಷ್ಟು ಮೈ, ಕೆಂಪು ಕಣ್ಣು, ಅದರ ಜೊತೆ ಐದು ವರ್ಷ ಸಂಸಾರ ಮಾಡಿದವಳು ನಾನು. ರವೆ, ಬೆಲ್ಲ, ಗಟ್ಟಿಯಾಗಲು ಅಗರ್ ಪುಡಿ ಕುದಿಸಿ ಅವಕ್ಕೆ ಅಡುಗೆ ಮಾಡಿ ಹಾಕುತ್ತಿದ್ದೆ. ನಮ್ಮಮ್ಮ ಅದನ್ನು ನೋಡಿ, ಮನೇಲಿ ಒಂದು ಉಪ್ಪಿಟ್ಟು ಮಾಡು ಅಂದ್ರೆ ಕೈಕಾಲು ನೋವು, ನೊಣಕ್ಕಾದರೆ ಕೇಸರಿಬಾತು, ಅಂತ ಆಡಿಕೊಳ್ಳುತ್ತಿದ್ದರು.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು, ನಾನು ಶಿವಮೊಗ್ಗದಲ್ಲಿ ಪಿಎಚ್‌.ಡಿ.ಗೆ ಸೇರಿದ್ದು. ಮನೆ ಭದ್ರಾವತಿಯ ಜನ್ನಾಪುರ. ವಾರವೆಲ್ಲ ಹಾಸ್ಟೆಲ್ಲು, ಶನಿವಾರ ಸಂಜೆ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಗೆ ಮನೆ. ನಮ್ಮ ಲ್ಯಾಬಿನಲ್ಲಿ ಇದ್ದದ್ದೇ ಮೂರು ಮತ್ತೊಂದು ಜನ: ಗೈಡ್ ಆಗಿದ್ದ ಸರ್, ನಾನು, ನನಗಿಂತ ನಾಲ್ಕು ವರ್ಷ ಮುಂಚೆ ಸೇರಿದ್ದ ಅಕ್ಕ, ಆಮೇಲೆ ಬಾಟಲಿ ತೊಳೆಯುವ ಅಟೆಂಡರು. ಅಕ್ಕ ಅಂದರೆ ಸ್ವಂತ ಅಕ್ಕ ಅಲ್ಲ, ಸೀನಿಯರು. ಗೋಪಾಳದಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸದ ಗಂಡ, ನಾಲ್ಕು ವರ್ಷದ ಮಗಳು. ಚಿಮಟಿಗೆ ಹಿಡಿಯುವುದನ್ನು ನನಗೆ ಕಲಿಸಿದ್ದೇ ಅವರು. ಹುಳ ಮುಟ್ಟಲು ನಾನು ಹಿಂಜರಿಯುವುದನ್ನು ನೋಡಿ, ಹುಳಕ್ಕೇ ನಿನಗಿಂತ ಜಾಸ್ತಿ ಧೈರ್ಯ ಇದೆಯಲ್ಲೇ ಮಾರಾಯ್ತಿ ಅಂತ ನಗುತ್ತಿದ್ದರು.

ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈ ನೊಣದ ಮರಿಹುಳದ ಜೊಲ್ಲುಗ್ರಂಥಿಯಲ್ಲಿ ಕ್ರೋಮೋಸೋಮುಗಳು ವಿಪರೀತ ದಪ್ಪ. ಅಡ್ಡಪಟ್ಟೆ ಇರುವ ಲಾಡಿಯ ಹಾಗೆ ಸಾಧಾರಣ ಮೈಕ್ರೋಸ್ಕೋಪಿನಲ್ಲೇ ಕಾಣುತ್ತವೆ. ಅವುಗಳ ಮೇಲೆ ಬೇರೆ ಬೇರೆ ಪ್ರೋಟೀನುಗಳು ಕೂತಿರುತ್ತವೆ. ಅದರಲ್ಲಿ ಒಂದು ಪ್ರೋಟೀನು ಕ್ರೋಮೋಸೋಮಿನ ಮೇಲೆ ಎಲ್ಲೆಲ್ಲಿ ಕೂರುತ್ತದೆ ಅನ್ನುವುದೇ ಅಕ್ಕನ ಥೀಸಿಸ್ಸು. ಹುಳ ಸೀಳಿ, ಗ್ರಂಥಿ ತೆಗೆದು, ಗಾಜಿನ ಸ್ಲೈಡಿನ ಮೇಲಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿ ಹೆಬ್ಬೆರಳಿನಿಂದ ಒತ್ತಬೇಕು. ಹೊಗೆಯಾಡುವಷ್ಟು ತಣ್ಣಗಿರುವ ದ್ರವ ಸಾರಜನಕದಲ್ಲಿ ಅದ್ದಿ, ಮೇಲಿನ ಗಾಜನ್ನು ಬ್ಲೇಡಿನಿಂದ ಟಕ್ ಅಂತ ಹಾರಿಸಬೇಕು. ಆಮೇಲೆ ಆಂಟಿಬಾಡಿ ಹಾಕಿದರೆ ಅದು ಆ ಪ್ರೋಟೀನನ್ನೇ ಹುಡುಕಿ ಹಿಡಿದುಕೊಳ್ಳುತ್ತದೆ. ಕೊನೆಗೆ ಬಣ್ಣ ಹಾಕಿದಾಗ ಪ್ರೋಟೀನು ಎಲ್ಲಿದೆಯೋ ಅಲ್ಲಿ ಕಂದು ಗೆರೆ ಏಳುತ್ತದೆ.

ಅಕ್ಕನ ಸ್ಲೈಡಿನಲ್ಲಿ ನೂರಾರು ಗೆರೆ. ಉದ್ದಕ್ಕೂ, ಎಲ್ಲ ಕೈಗಳ ಮೇಲೂ; ಕ್ರೋಮೋಸೋಮಿನ ಕವಲುಗಳಿಗೆ ನಾವು ಕೈ ಅನ್ನುತ್ತೇವೆ. ನಾಲ್ಕು ವರ್ಷ ಕೂತು ಒಂದೊಂದು ಗೆರೆಯ ಜಾಗ ಬರೆದಿದ್ದರು. ಫೋಟೊ ತೆಗೆಯುವುದೊಂದು ಬಾಕಿ. ಮೈಕ್ರೋಸ್ಕೋಪಿನ ಕ್ಯಾಮೆರಾ ರಿಪೇರಿಗೆ ಹೋಗಿ ತಿಂಗಳುಗಟ್ಟಲೆ ಆಗಿತ್ತು. ಮಾರ್ಚ್ ಕೊನೆಯೊಳಗೆ ಥೀಸಿಸ್ ಕೊಡದಿದ್ದರೆ ಅವರ ರಿಜಿಸ್ಟ್ರೇಶನ್ನೇ ರದ್ದಾಗುತ್ತಿತ್ತು. ಆಗಲೇ ಒಂದು ಸಲ ಹೆರಿಗೆಗೆ ಅಂತ ಅವಧಿ ವಿಸ್ತರಿಸಿಕೊಂಡಿದ್ದರು, ಇನ್ನೊಮ್ಮೆ ಕೊಡುವುದಿಲ್ಲ ಅಂತ ಆಫೀಸಿನವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಆ ಡಿಸೆಂಬರಿನಲ್ಲಿ ನಮ್ಮ ಡಿಪಾರ್ಟ್‌ಮೆಂಟಿಗೆ ಪೇಂಟ್ ಮಾಡಿಸಲು ಹೊರಟರು. ಟರ್ಪೆಂಟೈನ್ ವಾಸನೆಗೆ ನೊಣಗಳು ಪಟಪಟ ಬಿದ್ದು ಸಾಯುತ್ತವೆ. ಹಾಗಾಗಿ ಬಾಟಲಿಗಳನ್ನು ಹಂಚಿಕೊಂಡು ಮನೆಗೆ ಒಯ್ಯಬೇಕಾಯಿತು. ಸರ್ ಕೆಲವು, ಅಕ್ಕ ಕೆಲವು, ನಾನು ಹತ್ತಿಬೆಣೆ ಹಾಕಿದ ಎಂಟು ಬಾಟಲಿಗಳನ್ನು ಕಿಟ್‌ಬ್ಯಾಗಿನಲ್ಲಿಟ್ಟುಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಮೂರು ವಾರ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಸರ್ ಹತ್ತಿರ ಹಟ ಮಾಡಿ ಚಿಕ್ಕ ಮೈಕ್ರೋಸ್ಕೋಪನ್ನೂ, ಸಾಮಾನುಗಳನ್ನೂ ತೆಗೆದುಕೊಂಡು ಹೋದೆ. ಅಕ್ಕ ಮಾಡಿದ್ದನ್ನೇ ನನ್ನ ಕೈಯಾರೆ ಮಾಡಿ ಕಲಿಯುತ್ತೇನೆ ಅಂತ.

ದ್ರವ ಸಾರಜನಕಕ್ಕೆ ಜನ್ನಾಪುರದಲ್ಲಿ ಎಲ್ಲಿ ಹೋಗೋದು? ಅದಕ್ಕೂ ದಾರಿ ಸಿಕ್ಕಿತು. ಹಸುಗಳಿಗೆ ಗರ್ಭಧಾರಣೆ ಮಾಡಿಸುವ ವೀರ್ಯದ ಕಡ್ಡಿಗಳನ್ನು ಅದರಲ್ಲೇ ಇಡುತ್ತಾರೆ. ಪಶು ಆಸ್ಪತ್ರೆಯ ಕಾಂಪೌಂಡರು ಒಬ್ಬ ಸಾಬರು, ಹಿರಿಯರು. ನಾನು ಥರ್ಮಾಸ್ ಫ್ಲಾಸ್ಕು ಹಿಡಿದುಕೊಂಡು ಹೋಗಿ ಹುಳಕ್ಕೆ ಬೇಕು ಅಂದೆ. ಅವರು, ಹುಳಕ್ಕೂ ಇದು ಶುರುವಾಯ್ತಾ ಬೇಟಿ ಅಂತ ಕೇಳಿ, ನಗದೆಯೇ ಫ್ಲಾಸ್ಕು ತುಂಬಿಸಿಕೊಟ್ಟು, ಮುಚ್ಚಳ ಬಿಗಿ ಮಾಡಬೇಡ ಸಿಡಿಯುತ್ತೆ ಅಂದರು. ಎರಡು ದಿನಕ್ಕೊಂದು ಸಲ ಹೋಗುತ್ತಿದ್ದೆ.

ನಾನು ಏಳೂವರೆಗೆ ಏಳುವವಳು. ಎದ್ದು ಕಾಫಿ ಕುಡಿದು, ಎಂಟು ಗಂಟೆಗೆ ಊಟದ ಟೇಬಲ್ಲಿನ ಮೇಲೆ ಪೇಪರ್ ಹಾಸಿ, ಸ್ವೆಟರ್ ಹಾಕಿಕೊಂಡು ಹುಳ ಸೀಳುತ್ತಾ ಕೂರುತ್ತಿದ್ದೆ. ಗೋಡೆಯ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಶಿಸ್ತಾಗಿ ಡಿಗ್ರಿ ಬರೆಯುತ್ತಿದ್ದೆ. ಇಪ್ಪತ್ತೊಂದು, ಇಪ್ಪತ್ತೆರಡು. ಮಾಡಿದ ಸ್ಲೈಡುಗಳನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿ ಇಟ್ಟು, ಜನವರಿಯಲ್ಲಿ ಲ್ಯಾಬು ತೆರೆದ ಮೇಲೆ ಆಂಟಿಬಾಡಿ, ಬಣ್ಣ ಎಲ್ಲ ಹಾಕಿದೆ.

ನೋಡಿದರೆ ಒಂದೇ ಗೆರೆ. ಮೂರನೇ ಕ್ರೋಮೋಸೋಮಿನ ಬಲಗೈಯ ಮೇಲೆ, ಒಂದು ಉಬ್ಬಿದ ಜಾಗದಲ್ಲಿ, ದಪ್ಪಗೆ, ಕಾಫಿ ಬಣ್ಣಕ್ಕೆ. ಉಳಿದ ಕಡೆಯೆಲ್ಲ ಸ್ವಚ್ಛ. ಒಂದು ಸ್ಲೈಡಲ್ಲ, ಏಳಕ್ಕೆ ಏಳೂ ಹಾಗೇ. ನನಗೆ ತಲೆಬುಡ ತಿಳಿಯಲಿಲ್ಲ. ಅಕ್ಕನ ನೂರಾರು ಗೆರೆ ಎಲ್ಲಿ ಹೋದವು?

ಸರ್ ಮಾತ್ರ ಕುರ್ಚಿಯಿಂದ ಎದ್ದೇ ಬಿಟ್ಟರು. ಅವರು ದಡ್ಡರಲ್ಲ, ಮೊದಲು ಕೇಳಿದ್ದೇ ಸರಿಯಾದ ಪ್ರಶ್ನೆ: "ಹುಳಕ್ಕೆ ಎಲ್ಲಾದ್ರೂ ಬಿಸಿ ತಾಗಿತ್ತೇನಮ್ಮ?" ಬಿಸಿ ತಾಗಿದರೆ ಕ್ರೋಮೋಸೋಮಿನಲ್ಲಿ ಏನೇನೋ ಏರುಪೇರಾಗುತ್ತದೆ ಅಂತ ನಮಗೆಲ್ಲ ಗೊತ್ತಿತ್ತು. ನಾನು ಎದೆಯುಬ್ಬಿಸಿಕೊಂಡು, ಬಿಸಿ ಎಲ್ಲಿಂದ ಬಂತು ಸರ್, ಸ್ವೆಟರ್ ಹಾಕ್ಕೊಂಡು ನಡುಗ್ತಾ ಮಾಡಿದೀನಿ ಅಂದೆ. ಪುಸ್ತಕ ತೆಗೆದು ಇಪ್ಪತ್ತೊಂದು, ಇಪ್ಪತ್ತೆರಡು ತೋರಿಸಿದೆ. ಸರ್ ತಲೆಯಾಡಿಸಿದರು. ಅಕ್ಕನ ಸ್ಲೈಡಿನಲ್ಲಿ ಬರೀ ಕೊಳೆ ಹತ್ತಿದೆ, ಆಂಟಿಬಾಡಿ ಜಾಸ್ತಿ ಹಾಕಿ ಎಲ್ಲ ಕಡೆ ಅಂಟಿಸಿಬಿಟ್ಟಿದ್ದಾರೆ, ನಿಜವಾದ ಜಾಗ ಇದೊಂದೇ, ಅಂತ ಅಲ್ಲೇ ತೀರ್ಮಾನ ಮಾಡಿದರು. ಥೀಸಿಸ್ ನಿಲ್ಲಿಸು, ಆ ಅಧ್ಯಾಯ ಮತ್ತೆ ಮಾಡು ಅಂತ ಅಕ್ಕನಿಗೆ ಹೇಳಿದರು.

ಅಕ್ಕ ಜಗಳ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ನನ್ನ ಸ್ಲೈಡನ್ನು ಬಹಳ ಹೊತ್ತು ನೋಡಿ, ಎಷ್ಟು ಕ್ಲೀನಾಗಿದೆಯಲ್ಲೇ ಅಂದರು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಎರಡನೇ ವರ್ಷದ ಹುಡುಗಿ, ಊಟದ ಟೇಬಲ್ಲಿನ ಮೇಲೆ ಮಾಡಿದ್ದು. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದೇ ಜನವರಿಯಲ್ಲಿ, ಇನ್ನಷ್ಟು ಚಂದದ ಸ್ಲೈಡು ಮಾಡೋಣ ಅಂತ ಲ್ಯಾಬಿನಲ್ಲೇ ಆರು ಮಾಡಿದೆ. ಆಂಟಿಬಾಡಿಯನ್ನು ಅಳತೆ ತಪ್ಪದೆ ಹಾಕಿದ್ದೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ನೂರಾರು ಗೆರೆ. ಥೇಟ್ ಅಕ್ಕನ ಸ್ಲೈಡು. ಅತ್ತಿತ್ತ ನೋಡಿ ಆರನ್ನೂ ಡಬ್ಬಿಗೆ ಹಾಕಿ ನನ್ನ ಡ್ರಾಯರಿನಲ್ಲಿಟ್ಟೆ. ಎಲ್ಲೋ ನನ್ನ ಕೈ ಕೆಟ್ಟಿದೆ, ಸರಿ ಮಾಡಿಕೊಂಡು ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಗೊತ್ತಿಲ್ಲದ್ದನ್ನು ಏನಂತ ಹೇಳೋದು?

ಆ ಶನಿವಾರ ಅದೇ ಬಾಟಲಿಯನ್ನು ಮನೆಗೆ ಒಯ್ದೆ. ಭಾನುವಾರ ಬೆಳಿಗ್ಗೆ ಸ್ಲೈಡು ಮಾಡಿ, ಆಮೇಲೆ ಲ್ಯಾಬಿನಲ್ಲಿ ಬಣ್ಣ ಹಾಕಿ ನೋಡಿದೆ. ಒಂದೇ ಗೆರೆ. ಬಾಟಲಿಯನ್ನು ವಾಪಸ್ ತಂದು ಸೋಮವಾರ ಲ್ಯಾಬಿನಲ್ಲಿ ಮಾಡಿದೆ. ನೂರಾರು. ಅದೇ ಬಾಟಲಿ, ಅದೇ ತಾಯಿಯ ಮಕ್ಕಳು ಆ ಹುಳಗಳು, ಅದೇ ಆಂಟಿಬಾಡಿ, ಇದೇ ನನ್ನ ಹೆಬ್ಬೆರಳು. ಜನ್ನಾಪುರದಲ್ಲಿ ಒಂದು, ಶಿವಮೊಗ್ಗದಲ್ಲಿ ನೂರು. ಪ್ರೋಟೀನಿಗೇನು ಊರು ಗೊತ್ತಾಗುತ್ತದೆಯೇ?

ಆಗ ನಾನು ಹಿಡಿಯದ ಅನುಮಾನ ಇಲ್ಲ. ಭದ್ರಾವತಿ ನೀರಿರಬೇಕು ಅಂತ ಕ್ಯಾನಿನಲ್ಲಿ ಶಿವಮೊಗ್ಗದ ನೀರು ಹೊತ್ತುಕೊಂಡು ಹೋದೆ. ಫ್ಯಾಕ್ಟರಿ ಹೊಗೆ ಇರಬೇಕು ಅಂತ ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿದೆ. ಪಶು ಆಸ್ಪತ್ರೆಯ ಜಾಡಿಯಲ್ಲಿ ಏನಾದರೂ ಬೆರೆತಿರಬೇಕು ಅಂತ ಪಾಪ ಆ ಸಾಬರನ್ನೂ ಬಿಡಲಿಲ್ಲ, ಅವರ ಜಾಡಿ ತೊಳೆದದ್ದು ಯಾವಾಗ ಅಂತ ಪೊಲೀಸಿನವರ ಹಾಗೆ ವಿಚಾರಿಸಿದೆ. ಬಸ್ಸಿನ ಕುಲುಕಾಟಕ್ಕೆ ಹೀಗಾಗುತ್ತದೇನೋ ಅಂತ ಒಂದು ಬಾಟಲಿಯನ್ನು ಎರಡು ಸಲ ಬಸ್ಸಿನಲ್ಲಿ ಒಯ್ದು ತಂದು ಕುಲುಕಿಸಿದೆ, ಕಂಡಕ್ಟರು ನನಗೇನೋ ಆಗಿದೆ ಅಂದುಕೊಂಡಿರಬೇಕು. ಒಂದಕ್ಕೂ ಉತ್ತರ ಸಿಗಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೂ ಗೆರೆ. ಊಟಕ್ಕೆ ಕೂತರೂ ಗೆರೆ.

ಇತ್ತ ಲ್ಯಾಬಿನಲ್ಲಿ ಅಕ್ಕ ದಿನಾ ಆಂಟಿಬಾಡಿಯನ್ನು ತೆಳು ಮಾಡುತ್ತಾ, ಇನ್ನೂ ತೆಳು ಮಾಡುತ್ತಾ, ಒಂದೇ ಗೆರೆ ಬರಲಿ ಅಂತ ಒದ್ದಾಡುತ್ತಿದ್ದರು. ಕೊನೆಕೊನೆಗೆ ಏನೂ ಕಾಣದಷ್ಟು ತೆಳು. ಹೊರದೇಶದ ಲ್ಯಾಬಿನಿಂದ ಬೇಡಿ ತರಿಸಿದ ಆಂಟಿಬಾಡಿ ಅದು, ಕಿರುಬೆರಳಿನ ತುದಿಯಷ್ಟು ಟ್ಯೂಬು. ಅವರದೂ ನನ್ನದೂ ಸೇರಿ ತಳ ಕಾಣಿಸುತ್ತಿತ್ತು. ಒಂದು ದಿನ ಅವರು ನನ್ನ ಪಕ್ಕ ಬಂದು ಕೂತು, ನಿನಗೆ ಲ್ಯಾಬಿನಲ್ಲಿ ಮಾಡಿದ್ರೂ ಒಂದೇ ಬರುತ್ತಾ ಅಂತ ಕೇಳಿದರು. ನಾನು, ಇನ್ನೂ ಸರಿಯಾಗಿ ಮಾಡಿಲ್ಲ ಅಕ್ಕ ಅಂದೆ. ಡ್ರಾಯರಿನ ಮೇಲೆ ನನ್ನ ಮೊಣಕೈ ಇತ್ತು.

ಯಾಕೆ ಹಾಗಂದೆ? ಗೊಂದಲ ಇದ್ದದ್ದು ನಿಜ, ದೇವರಾಣೆಗೂ ನಿಜ. ಆದರೆ ಆ ಗೊಂದಲ ನನಗೆ ಅನುಕೂಲವಾಗಿಯೂ ಇತ್ತು. ಸರ್ ಆಗಲೇ ನನ್ನ ಒಂದು ಗೆರೆಯ ಮೇಲೆ ಜರ್ನಲ್ಲಿಗೆ ಲೇಖನ ಬರೆಯಲು ಕೂತಿದ್ದರು. ಎಷ್ಟು ಪಾಲು ಗೊಂದಲ, ಎಷ್ಟು ಪಾಲು ಆಸೆ ಅಂತ ಬಿಡಿಸಲು ಹೋದರೆ ಎರಡೂ ಕೈಗೆ ಅಂಟಿಕೊಳ್ಳುತ್ತವೆ.

ಫೆಬ್ರವರಿ ಕೊನೆಯ ಒಂದು ಭಾನುವಾರ ಹೊಟ್ಟೆನೋವು ಬಂದು ಐದೂವರೆಗೇ ಎಚ್ಚರವಾಯಿತು. ಹಿತ್ತಲ ಬಾಗಿಲು ತೆಗೆದಿತ್ತು. ನಮ್ಮ ಮನೆಯಲ್ಲಿ ಸ್ನಾನದ ಹಂಡೆಗೆ ಹೊರಗಡೆಯಿಂದ ಉರಿ ಹಾಕುವುದು, ಒಲೆಯ ಪಕ್ಕದಲ್ಲಿ ಒಂದು ಕಟ್ಟೆ. ಚಳಿಗಾಲದಲ್ಲಿ ದೋಸೆಹಿಟ್ಟು ಹುಳಿ ಬರುವುದಿಲ್ಲ ಅಂತ ಅಮ್ಮ ಹಿಟ್ಟಿನ ಪಾತ್ರೆಯನ್ನು ಬೆಳಗಿನ ಜಾವ ಅಲ್ಲಿಡುತ್ತಿದ್ದರು. ಅದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅವತ್ತು ನೋಡುತ್ತೇನೆ, ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ ಸಾಲಾಗಿ ನನ್ನ ಬಾಟಲಿಗಳು.

ನಾನು ಬಾಯಿ ತೆರೆದುಕೊಂಡು ನಿಂತದ್ದನ್ನು ನೋಡಿ ಅಮ್ಮನೇ ಹೇಳಿದರು. "ನೀನೇ ಅಂದಿದ್ಯಲ್ಲೇ, ಚಳಿಗೆ ಹುಳ ದೊಡ್ಡದಾಗ್ತಿಲ್ಲ, ಕೆಲಸ ತಡ ಆಗ್ತಿದೆ ಅಂತ. ಅದ್ರಲ್ಲೂ ಹಿಟ್ಟು, ಬೆಲ್ಲ, ಈಸ್ಟು ಎಲ್ಲ ಹಾಕಿರ್ತೀಯ. ಒಂದು ಗಂಟೆ ಬೆಚ್ಚಗಿರ್ಲಿ ಅಂತ ಇಡ್ತೀನಿ. ನೀನು ಏಳೋದ್ರೊಳಗೆ ಒಳಗಿಟ್ಬಿಡ್ತೀನಿ, ನಿನ್ನ ಸಾಮಾನು ಮುಟ್ಟಿದ್ರೆ ಕೂಗಾಡ್ತೀಯಲ್ಲ." ಡಿಸೆಂಬರಿನಿಂದ, ಬಾಟಲಿ ಮನೆಯಲ್ಲಿದ್ದ ಒಂದು ದಿನವೂ ತಪ್ಪಿಸಿರಲಿಲ್ಲ.

ಥರ್ಮಾಮೀಟರ್ ತಂದು ಕಟ್ಟೆಯ ಮೇಲಿಟ್ಟೆ. ಮೂವತ್ತೇಳು. ನೊಣದ ಹುಳಕ್ಕೆ ಅದು ಕಡುಬೇಸಿಗೆ. ನಾನು ಎದ್ದು ಕಾಫಿ ಕುಡಿಯುವಷ್ಟರಲ್ಲಿ ಬಾಟಲಿ ಮುಟ್ಟಿದರೆ ತಣ್ಣಗೆ. ಹುಳದ ಒಳಗೆ ಮಾತ್ರ ಪ್ರೋಟೀನು ಇದ್ದ ಜಾಗಗಳನ್ನೆಲ್ಲ ಬಿಟ್ಟು ಆ ಒಂದು ಜಾಗಕ್ಕೆ ಹೋಗಿ ಕೂತಿರುತ್ತದೆ. ಇನ್ನೊಂದೆರಡು ಗಂಟೆ ಕಳೆದರೆ ಮತ್ತೆ ಹೊರಟು ತನ್ನ ತನ್ನ ಜಾಗಕ್ಕೆ. ಲ್ಯಾಬಿಗೆ ತಂದಾಗ ನೂರು ಗೆರೆ ಕಂಡದ್ದು ಅದಕ್ಕೇ. ಅಕ್ಕನ ಸ್ಲೈಡಿನಲ್ಲಿ ಕೊಳೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಬಚ್ಚಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೊಟ್ಟೆನೋವಿಗೆ ಅಂದುಕೊಂಡು ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು.

ಅವತ್ತೇ ಅಕ್ಕನಿಗೆ ಫೋನ್ ಮಾಡಬಹುದಿತ್ತು. ಓಲ್ಡ್ ಟೌನಿಗೆ ಹೋಗುವ ದಾರಿಯಲ್ಲೇ ಎಸ್‌ಟಿಡಿ ಬೂತು ಇತ್ತು. ಮಾಡಲಿಲ್ಲ. ಮತ್ತೆ ತಪ್ಪಾದರೆ? ಒಂದು ಸಲ ಖಚಿತ ಮಾಡಿಕೊಂಡೇ ಹೇಳೋಣ ಅಂತ ಸೋಮವಾರ ಲ್ಯಾಬಿನಲ್ಲಿ ಹುಳಗಳನ್ನು ಮೂವತ್ತೇಳು ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಟ್ಟು ಸ್ಲೈಡು ಮಾಡಿದೆ. ಟ್ಯೂಬಿನ ತಳದಲ್ಲಿದ್ದ ಆಂಟಿಬಾಡಿಯನ್ನು ಪೂರ್ತಿ ಬಳಿದು ಹಾಕಿದೆ. ಬಣ್ಣ ಹತ್ತುವ ಹೊತ್ತಿಗೆ ಬುಧವಾರ. ಒಂದೇ ಗೆರೆ, ಅದೇ ಜಾಗ. ನನ್ನ ಎಡವಟ್ಟಿನ ಮೇಲೆ ಸರ್ಕಾರಿ ಮೊಹರು ಬಿದ್ದ ಹಾಗಾಯಿತು. ಸರ್ ಊರಿನಲ್ಲಿರಲಿಲ್ಲ. ಅಕ್ಕ ಎರಡು ದಿನದಿಂದ ಬಂದಿರಲಿಲ್ಲ. ಡ್ರಾಯರಿನಿಂದ ಆ ಆರು ಸ್ಲೈಡಿನ ಡಬ್ಬಿ ತೆಗೆದುಕೊಂಡು ಗೋಪಾಳದ ಸಿಟಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಖುಷಿ. ನಿಮ್ಮದೇ ಸರಿ ಅಕ್ಕ ಅಂತ ಹೇಳುವುದನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ.

ಬಾಗಿಲು ತೆಗೆದ ಅಕ್ಕನ ಮುಖದ ಮೇಲೆ ಕನ್ನಡಕ. ನಾನು ಅದುವರೆಗೆ ನೋಡಿರಲಿಲ್ಲ. ನಾನು ಕೇಳುವ ಮೊದಲೇ ನಕ್ಕು ಹೇಳಿದರು: ನಿನ್ನ ಕಣ್ಣಿಗೆ ಒಂದೇ ಕಂಡು ನನಗೆ ನೂರು ಕಂಡಾಗ ಏನು ಮಾಡ್ಲಿ ಮಾರಾಯ್ತಿ, ಕಣ್ಣಿನ ಡಾಕ್ಟರ ಹತ್ರ ಹೋದೆ, ಅವರು ಸ್ವಲ್ಪ ಪವರ್ ಇದೆ ಅಂದ್ರು. ಕನ್ನಡಕ ಹಾಕಿಕೊಂಡು ನೋಡಿದರೂ ನೂರೇ ಕಾಣಿಸಿತಂತೆ. ಆಮೇಲೆ ತನಗೆ ಈ ಕೆಲಸವೇ ಬರುವುದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟರಂತೆ. ನಾಲ್ಕು ವರ್ಷದ ಸ್ಲೈಡುಗಳನ್ನೆಲ್ಲ ಮನೆಗೆ ತಂದು, ನಿನ್ನೆ ಆಸಿಡ್ಡಿನಲ್ಲಿ ನೆನೆಸಿ ತೊಳೆದರಂತೆ. ಗಾಜು ಲ್ಯಾಬಿನದು, ಮುಂದೆ ನಿನಗಾದರೂ ಬೇಕಾಗುತ್ತಲ್ಲ ಅಂತ. ಅಡುಗೆಮನೆ ಕಿಟಕಿಯಲ್ಲಿ ಹಳೇ ಸೀರೆಯ ತುಂಡಿನ ಮೇಲೆ ಗಾಜುಗಳು ಸಾಲಾಗಿ ಒಣಗುತ್ತಿದ್ದವು.

ನಿನ್ನೆ ಅಂದರೆ ಮಂಗಳವಾರ. ನನಗೆ ವಿಷಯ ಗೊತ್ತಾದದ್ದು ಭಾನುವಾರ.

ಹಂಡೆಯ ಕಥೆಯನ್ನು ಹೇಗೆ ಹೇಳಿ ಮುಗಿಸಿದೆನೋ ತಿಳಿಯದು. ತೊದಲಿದೆ, ಅತ್ತುಬಿಟ್ಟೆ, ನಡುವೆ ಅಮ್ಮನನ್ನೂ ಬೈದೆ. ಕೊನೆಗೆ ಅಕ್ಕ, ಹಾಗಾದ್ರೆ ನನ್ನ ಗೆರೆ ಸರಿ ಇತ್ತು ಅನ್ನು ಅಂದರು. ಹೌದಕ್ಕ ಅಂದೆ. ತೋರಿಸೋದಕ್ಕೆ ಈಗ ಒಂದೂ ಇಲ್ಲವಲ್ಲೇ, ಆಂಟಿಬಾಡಿನೂ ಖಾಲಿ, ಮತ್ತೆ ತರಿಸೋ ಹೊತ್ತಿಗೆ ಮಾರ್ಚ್ ಮುಗಿದಿರುತ್ತೆ ಅಂತ ಕಿಟಕಿ ಕಡೆ ನೋಡಿದರು. ಆಗ ನಾನು ಡಬ್ಬಿ ಮುಂದಿಟ್ಟೆ. ನಿಮ್ಮ ಥರದ್ದೇ ಆರು ನನ್ನ ಹತ್ತಿರ ಇವೆ, ಇವುಗಳ ಫೋಟೊ ತೆಗೆಸಿ ಅಂದೆ. ಕೊನೆಗೆ ಆದದ್ದೂ ಹಾಗೇ. ಕ್ಯಾಮೆರಾ ಬಂತು, ಆ ಆರು ಸ್ಲೈಡಿನಿಂದಲೇ ಅವರ ಥೀಸಿಸ್ಸು ಗಡುವಿನೊಳಗೆ ಹೋಯಿತು. ಆದರೆ ಅವತ್ತು ಆ ಅಡುಗೆಮನೆಯಲ್ಲಿ ಅದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಅಕ್ಕ ಒಂದು ಸ್ಲೈಡು ತೆಗೆದು ಬೆಳಕಿಗೆ ಹಿಡಿದರು. ಅಂಚಿನಲ್ಲಿ, ಅವರೇ ಕಲಿಸಿಕೊಟ್ಟಿದ್ದ ಪ್ರಕಾರ, ಮಾಡಿದ ದಿನವನ್ನು ಗಾಜಿನ ಮೇಲೆ ಗೀಚಿದ್ದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಇನ್ನೊಂದು ಸ್ಲೈಡು ತೆಗೆದು ಅದನ್ನೂ ಓದಿದರು.

"ಇದು ಜನವರಿದು" ಅಂದರು.

ಹೌದು ಅಂದೆ.

"ನಾನು ಕಣ್ಣಿನ ಡಾಕ್ಟರ ಹತ್ರ ಹೋಗಿದ್ದು ಫೆಬ್ರವರಿಲಿ ಕಣೇ."